ಸರ್ವರ್ ಡೌನ್ ಆದಾಗ ಸರಕಾರ ಎಲ್ಲಿರುತ್ತದೆ?

(ಯಾದಗಿರಿ, ಶಹಾಪುರ ಮತ್ತು ಸುರಪುರ ತಾಲೂಕುಗಳ ಗೆಳೆಯರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



'ಜಾಗತೀಕರಣದ ಯುಗದಲ್ಲಿ ಆಡಳಿತ' ಎಂಬುದು ನಮಗೆ ಕೊಡಲಾದ ವಿಷಯ. ಈ ಶೀರ್ಷಿಕೆಯನ್ನು ಕೇಳಿದೊಡನೆ ವಿಶ್ವಬ್ಯಾಂಕ್, ವಿಶ್ವಸಂಸ್ಥೆ, ಬಹುರಾಷ್ಟ್ರೀಯ ಕಂಪೆನಿಗಳು ಮುಂತಾದ ದೊಡ್ಡ ಹೆಸರುಗಳು ನೆನಪಿಗೆ ಬರುತ್ತವೆ. ಅವುಗಳ ಬಗ್ಗೆಯೂ ಮಾತನಾಡೋಣ. ಆದರೆ ನಾವು ಆರಂಭಿಸಬಯಸುವುದು ನಿಮ್ಮೂರಿನ ನ್ಯಾಯಬೆಲೆ ಅಂಗಡಿಯಿಂದ. ಏಕೆಂದರೆ ಆಡಳಿತ ಬದಲಾಗಿದೆ ಎಂಬುದು ಸಾಮಾನ್ಯ ಮನುಷ್ಯನ ಅನುಭವಕ್ಕೆ ಮೊದಲು ಬರುವುದು ಅಲ್ಲಿಯೇ.

ಹತ್ತಿ ಬಿಡಿಸುವ ಕಾಲ ಎಂದಿಟ್ಟುಕೊಳ್ಳಿ. ಕೂಲಿಗೆ ಹೋಗುವ ತಾಯಿಯೊಬ್ಬರು ಅಂದಿನ ಕೂಲಿಯನ್ನು ಬಿಟ್ಟು ಪಡಿತರದ ಸಾಲಿನಲ್ಲಿ ನಿಂತಿದ್ದಾರೆ. ಅವರ ಸರದಿ ಬರುತ್ತದೆ. ಯಂತ್ರದ ಮೇಲೆ ಹೆಬ್ಬೆಟ್ಟು ಇಡುತ್ತಾರೆ. ಯಂತ್ರ ಒಪ್ಪುವುದಿಲ್ಲ. ಬೆರಳನ್ನು ಸೆರಗಿನಿಂದ ಒರೆಸಿ ಮತ್ತೆ ಇಡುತ್ತಾರೆ. ಹತ್ತಿಯ ಕಾಯಿಯ ಸಿಪ್ಪೆ ತಾಗಿ ತಾಗಿ ಸವೆದ ಬೆರಳುಗಳವು, ಗೆರೆಗಳೇ ಅಳಿಸಿ ಹೋಗಿವೆ. ಮೂರನೆಯ ಬಾರಿಗೆ ಯಂತ್ರ ಏನನ್ನೂ ಹೇಳುವುದಿಲ್ಲ. "ಸರ್ವರ್ ಡೌನ್ ಆಗ್ಯಾದವ್ವ, ನಾಳಿ ಬಾ" ಎಂದು ಅಂಗಡಿಯವನು ಹೇಳುತ್ತಾನೆ. ಈ ಸಭೆಯಲ್ಲಿರುವ ಹೆಚ್ಚಿನವರು ಈ ಮಾತನ್ನು ಕೇಳಿಯೇ ಇರುತ್ತೀರಿ.

ಹೆಬ್ಬೆಟ್ಟು ಒಂದು ಕಾಲದಲ್ಲಿ ಅನಕ್ಷರತೆಯ ಗುರುತಾಗಿತ್ತು. 2011ರ ಜನಗಣತಿಯ ಪ್ರಕಾರ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.83. ಇದು ರಾಜ್ಯದಲ್ಲೇ ಅತಿ ಕಡಿಮೆಯಾಗಿತ್ತು. ಮಹಿಳೆಯರ ಸಾಕ್ಷರತೆ ಶೇ. 41ರ ಆಸುಪಾಸಿನಲ್ಲಿತ್ತು. ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಹೊಲ ಕಳಕೊಂಡ ಅಜ್ಜಂದಿರ ಕಥೆ ಈ ಭಾಗದ ಪ್ರತಿಯೊಂದು ಊರಿನಲ್ಲೂ ಇದೆ. ಇಂದು ಪದವೀಧರನೂ ಹೆಬ್ಬೆಟ್ಟು ಒತ್ತುತ್ತಾನೆ. ಆದರೆ ಒಂದು ವ್ಯತ್ಯಾಸವಿದೆ. ಅಂದು ಹೆಬ್ಬೆಟ್ಟನ್ನು ಒಪ್ಪದ ಸಾಹುಕಾರನಿರಲಿಲ್ಲ, ಇಂದು ಒಪ್ಪದ ಯಂತ್ರವಿದೆ.

ಈಗ ಆ ತಾಯಿ ಯಾರನ್ನು ಕೇಳಬೇಕು? ಅಂಗಡಿಯವನು, ನನ್ನ ಕೈಯಲ್ಲೇನಿದೆ, ಯಂತ್ರ ಎನ್ನುತ್ತಾನೆ. ತಾಲೂಕು ಕಚೇರಿಯ ಆಹಾರ ಶಾಖೆಯವರು, ತಂತ್ರಾಂಶ ಬೆಂಗಳೂರಿನದ್ದು ಎನ್ನುತ್ತಾರೆ. ಬೆಂಗಳೂರಿನವರು, ಬೆರಳಚ್ಚಿನ ದಾಖಲೆ ಆಧಾರ್ ಪ್ರಾಧಿಕಾರದ್ದು, ಅದು ದಿಲ್ಲಿಯ ವಿಷಯ ಎನ್ನುತ್ತಾರೆ. ಗೃಹಲಕ್ಷ್ಮಿಯ ಹಣ ಬಾರದಿದ್ದರೆ ಇನ್ನೊಂದು ಹೆಸರು ಸೇರಿಕೊಳ್ಳುತ್ತದೆ, 'ಎನ್‌ಪಿಸಿಐ ಮ್ಯಾಪಿಂಗ್'. ಈ ಪದ ಇಂದು ಹಳ್ಳಿಯ ಕಟ್ಟೆಯ ಮೇಲೂ ಕೇಳಿಸುತ್ತದೆ. ಎನ್‌ಪಿಸಿಐ ಎಂಬುದು ಸರಕಾರದ ಇಲಾಖೆಯಲ್ಲ. ಅದು ಬ್ಯಾಂಕುಗಳು ಸೇರಿ 2008ರಲ್ಲಿ ಕಟ್ಟಿದ, ಮುಂಬೈಯಲ್ಲಿರುವ ಒಂದು ಕಂಪೆನಿ. ವಡಗೇರಾದ ಒಬ್ಬ ಮಹಿಳೆಯ ಎರಡು ಸಾವಿರ ರೂಪಾಯಿ ಯಾವ ಖಾತೆಗೆ ಹೋಗಬೇಕೆಂಬುದು ಅಲ್ಲಿನ ಒಂದು ಪಟ್ಟಿಯನ್ನು ಅವಲಂಬಿಸಿದೆ.

ಗಮನಿಸಬೇಕಾದ ಸಂಗತಿಯೇನೆಂದರೆ, ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಪ್ರತಿಯೊಬ್ಬನೂ ತನ್ನ ಮಟ್ಟಿಗೆ ನಿಜವನ್ನೇ ಹೇಳುತ್ತಿದ್ದಾನೆ. ಆದರೆ ಎಲ್ಲ ನಿಜಗಳೂ ಸೇರಿ ಆ ತಾಯಿಯನ್ನು ಬರಿಗೈಯಲ್ಲಿ ಮನೆಗೆ ಕಳುಹಿಸಿವೆ. ನಿರಾಕರಣೆ ನಡೆದಿದೆ, ನಿರಾಕರಿಸಿದವರು ಯಾರೂ ಇಲ್ಲ. ಬದಲಾದ ಆಡಳಿತವೆಂದರೆ ನಮ್ಮ ದೃಷ್ಟಿಯಲ್ಲಿ ಇದುವೇ.

ದೂರದಲ್ಲಿ ಕುಳಿತು ಆಳುವುದು ಈ ನೆಲಕ್ಕೆ ಹೊಸದಲ್ಲ. ಸುರಪುರದ ಇತಿಹಾಸವನ್ನೇ ನೋಡಿ. ಬಾಲಕ ರಾಜ ವೆಂಕಟಪ್ಪ ನಾಯಕನ ಸಂಸ್ಥಾನದ ಆಡಳಿತ ನೋಡಿಕೊಳ್ಳಲು 1840ರ ದಶಕದ ಆರಂಭದಲ್ಲಿ ಬಂದ ಮೆಡೋಸ್ ಟೇಲರ್ 1853ರವರೆಗೆ ಅಲ್ಲಿದ್ದ. ಅವನು ಬರೆಯುತ್ತಿದ್ದ ವರದಿ ಹೈದರಾಬಾದಿನ ರೆಸಿಡೆಂಟನಿಗೆ ಹೋಗಬೇಕಿತ್ತು. ಅದರ ಮೇಲೆ ಕಲಕತ್ತೆ. ಅದರ ಮೇಲೆ ಲಂಡನ್ನಿನಲ್ಲಿ ಪಾಲುದಾರರನ್ನು ಹೊಂದಿದ್ದ ಒಂದು ಕಂಪೆನಿ. ಜಾಗತಿಕ ಕಂಪೆನಿಯೊಂದು ಆಡಳಿತ ನಡೆಸುವುದೆಂದರೆ ಏನೆಂದು ಸುರಪುರದವರಿಗೆ ಬೇರೆಯವರು ಪಾಠ ಹೇಳಬೇಕಾಗಿಲ್ಲ. 1857-58ರ ದಂಗೆಯ ಬಳಿಕ ರಾಜ ಸೆರೆಯಾಗಿ ಪ್ರಾಣ ಕಳಕೊಂಡ. 1860ರಲ್ಲಿ ಇಡೀ ಸಂಸ್ಥಾನವನ್ನು ನಿಜಾಮನಿಗೆ ಬಹುಮಾನವೆಂಬಂತೆ ಒಪ್ಪಿಸಲಾಯಿತು. ಅಲ್ಲಿನ ಜನರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಆದರೂ ಗುಡ್ಡದ ಮೇಲಿನ ಟೇಲರ್ ಮಂಜಿಲ್‌ನಲ್ಲಿ ಒಬ್ಬ ಮನುಷ್ಯನಿದ್ದ. ಹೋಗಿ ತಕರಾರು ಹೇಳಬಹುದಿತ್ತು, ಬೈಯಬಹುದಿತ್ತು, ಕೊನೆಗೆ ತಿರುಗಿ ಬೀಳಲೂ ಒಂದು ಮುಖವಿತ್ತು. ನಾವು ಆ ಕಾಲವನ್ನು ಹೊಗಳುತ್ತಿಲ್ಲ. ಅಧಿಕಾರಕ್ಕೊಂದು ವಿಳಾಸವಿತ್ತು ಎಂದಷ್ಟೇ ಹೇಳುತ್ತಿದ್ದೇವೆ.

ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು ಏಕೆ? ಕಲಬುರ್ಗಿ ದೂರವಾಗುತ್ತದೆ, ಜಿಲ್ಲಾಧಿಕಾರಿಯ ಕಚೇರಿ ಹತ್ತಿರ ಬರಲಿ ಎಂಬುದು ವರ್ಷಗಳ ಬೇಡಿಕೆಯಾಗಿತ್ತು. 2009ರ ಕೊನೆಯಲ್ಲಿ ಘೋಷಣೆಯಾಗಿ 2010ರಲ್ಲಿ ಯಾದಗಿರಿ, ಶಹಾಪುರ, ಸುರಪುರ ಎಂಬ ಮೂರು ತಾಲೂಕುಗಳ ಜಿಲ್ಲೆ ಅಸ್ತಿತ್ವಕ್ಕೆ ಬಂತು. ಆಮೇಲೆ ಗುರುಮಠಕಲ್, ವಡಗೇರಾ, ಹುಣಸಗಿ ತಾಲೂಕುಗಳೂ ಆದವು. ಕಚೇರಿ ಹತ್ತಿರ ಬಂತು. ಆದರೆ ಕಚೇರಿ ಹತ್ತಿರ ಬರುತ್ತಿದ್ದ ಅದೇ ವರ್ಷಗಳಲ್ಲಿ ತೀರ್ಮಾನ ಕಚೇರಿಯನ್ನು ಬಿಟ್ಟು ಬೇರೆಡೆಗೆ ಹೋಗುತ್ತಿತ್ತು. ಕಟ್ಟಡ ನಮಗೆ ಸಿಕ್ಕಿತು, ಕೀಲಿಕೈ ಬೇರೆ ಕಡೆಯಲ್ಲಿದೆ.

ಇದನ್ನು ಅರ್ಥ ಮಾಡಿಕೊಳ್ಳಲು ನಾರಾಯಣಪುರದ ಎಡದಂಡೆ ಕಾಲುವೆಗಿಂತ ಒಳ್ಳೆಯ ಉದಾಹರಣೆ ನಮಗೆ ಬೇರೊಂದು ಕಾಣಿಸುವುದಿಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಗೆ 1978ರಲ್ಲಿ ಮತ್ತು 1989ರಲ್ಲಿ ವಿಶ್ವಬ್ಯಾಂಕಿನ ಸಾಲ ಬಂತು. ಸಾಲದ ಜೊತೆ ಷರತ್ತುಗಳೂ ಬಂದವು. ಮುಳುಗಡೆಯಾದವರಿಗೆ ಪುನರ್ವಸತಿ ಸರಿಯಾಗಿ ಆಗುತ್ತಿಲ್ಲವೆಂದು 1990ರ ದಶಕದಲ್ಲಿ ಬ್ಯಾಂಕು ಹಣವನ್ನೇ ತಡೆಹಿಡಿಯಿತು. ಇದು ನಮ್ಮ ಸರಳ ತೀರ್ಮಾನಗಳನ್ನು ಗೊಂದಲಕ್ಕೆ ತಳ್ಳುವ ಸಂಗತಿ. ಹೊರಗಿನ ಸಂಸ್ಥೆ ಎಂದರೆ ಶೋಷಣೆ, ನಮ್ಮ ಸರಕಾರ ಎಂದರೆ ರಕ್ಷಣೆ ಎಂದು ನಾವು ಭಾಷಣಗಳಲ್ಲಿ ಹೇಳಿಬಿಡುತ್ತೇವೆ. ಆದರೆ ಮುಳುಗಡೆಯ ಬಡವನ ಪರವಾಗಿ ಅಂದು ವಾಷಿಂಗ್ಟನ್ ಪ್ರಶ್ನೆ ಕೇಳಿತ್ತು, ಬೆಂಗಳೂರು ಉತ್ತರಿಸಬೇಕಾಗಿ ಬಂದಿತ್ತು. ಹಣ ಹೊಂದಿಸಲೆಂದು 1994ರಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮ ಎಂಬ ಕಂಪೆನಿಯನ್ನು ಸರಕಾರವೇ ಸ್ಥಾಪಿಸಿತು. ನಿಗಮ ಮಾರುಕಟ್ಟೆಯಿಂದ ಸಾಲ ಎತ್ತಿತು. ನೀರಾವರಿ ಇಲಾಖೆಯೊಂದು ಕಂಪೆನಿಯ ರೂಪ ತಾಳಿದ್ದು ಹೀಗೆ. ವಿದ್ಯುತ್ತಿಗೂ ಇದೇ ಗತಿಯಾಯಿತು. ಮಂಡಳಿ ಹೋಗಿ ನಿಗಮ ಬಂತು, 2002ರಲ್ಲಿ ಜೆಸ್ಕಾಂ ಬಂತು.

ಇನ್ನು ಕಾಲುವೆಯ ವಿಷಯ. ನಾರಾಯಣಪುರದಿಂದ ಹೊರಟ ನೀರು ಹುಣಸಗಿ, ಶಹಾಪುರ, ಮುಡಬಾಳ, ಜೇವರ್ಗಿ, ಇಂಡಿ ಶಾಖಾ ಕಾಲುವೆಗಳಾಗಿ ಕವಲೊಡೆಯುತ್ತದೆ. ಅರೆ ಖುಷ್ಕಿ ಬೆಳೆಗಳಿಗೆಂದು ಲೆಕ್ಕ ಹಾಕಿದ ನೀರನ್ನು ಮೇಲ್ಭಾಗದವರು ಭತ್ತಕ್ಕೆ ಹರಿಸಿಕೊಂಡರು. ಕೊನೆಯ ಭಾಗದ ರೈತ ಹೊಲಗಾಲುವೆಯಲ್ಲಿ ಜಾಲಿ ಬೆಳೆದುದನ್ನು ನೋಡುತ್ತ ಕುಳಿತ. ಇಷ್ಟು ದಿನ ಚಾಲೂ, ಇಷ್ಟು ದಿನ ಬಂದ್ ಎಂದು ನೀರಾವರಿ ಸಲಹಾ ಸಮಿತಿ ವಾರಾಬಂದಿ ನಿರ್ಧರಿಸುತ್ತದೆ. ನೀರು ಬಾರದಾಗ ರೈತರು ಭೀಮರಾಯನಗುಡಿಯ ನಿಗಮದ ಕಚೇರಿಗೆ ಮುತ್ತಿಗೆ ಹಾಕುತ್ತಾರೆ. ಈ ಅನ್ಯಾಯ ಸರಿಪಡಿಸಲೆಂದೇ ಕಾಲುವೆಯ ವಿಸ್ತರಣೆ, ನವೀಕರಣ ಮತ್ತು ಆಧುನೀಕರಣ ನಡೆಯಿತು. 2023ರ ಜನವರಿ 19ರಂದು ಕೊಡೇಕಲ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಅದನ್ನು ಉದ್ಘಾಟಿಸಿದರು. ವೆಚ್ಚ ಸುಮಾರು 4,700 ಕೋಟಿ ರೂಪಾಯಿ, ಅಚ್ಚುಕಟ್ಟು 4.5 ಲಕ್ಷ ಹೆಕ್ಟೇರ್, 560 ಹಳ್ಳಿಗಳ ಮೂರು ಲಕ್ಷಕ್ಕೂ ಅಧಿಕ ರೈತರಿಗೆ ಪ್ರಯೋಜನ ಎಂದು ಸರಕಾರ ಹೇಳಿತು. ಕಾಲಜ್ಞಾನಕ್ಕೆ ಹೆಸರಾದ ಊರು ಕೊಡೇಕಲ್. ಕಾಲುವೆಯ ಗೇಟುಗಳು ಮನುಷ್ಯರ ಕೈ ಸೋಕದೆ ಏಳುವ, ಇಳಿಯುವ ದಿನ ಬರುತ್ತದೆಂದು ಅಲ್ಲಿನ ಹಿರಿಯರಲ್ಲಿ ಯಾರಾದರೂ ಹೇಳಿದ್ದರೆ ನಾವು ಅಚ್ಚರಿಪಡುವುದಿಲ್ಲ.

ಆ ದಿನ ಬಂದಿದೆ. ಆಸ್ಟ್ರೇಲಿಯಾದ ತಂತ್ರಜ್ಞಾನದ ಸಾವಿರಾರು ಗೇಟುಗಳು ಈ ಕಾಲುವೆ ಜಾಲದಲ್ಲಿ ಕುಳಿತಿವೆ. ಬಿಸಿಲಿನಿಂದ ವಿದ್ಯುತ್ ಪಡೆಯುತ್ತವೆ, ಹರಿಯುವ ನೀರನ್ನು ತಾವೇ ಅಳೆಯುತ್ತವೆ, ನಿಯಂತ್ರಣ ಕೊಠಡಿಯ ಗಣಕಯಂತ್ರಕ್ಕೆ ಸುದ್ದಿ ಕಳುಹಿಸುತ್ತವೆ. ಹಿಂದೆ ಗೇಟಿನ ಬಳಿ ಒಬ್ಬ ನೌಕರನಿರುತ್ತಿದ್ದ. ದೊಡ್ಡ ರೈತ ಅವನಿಗೆ ದುಡ್ಡು ಕೊಡುತ್ತಿದ್ದ ಅಥವಾ ಹೆದರಿಸುತ್ತಿದ್ದ. ಸಣ್ಣ ರೈತ ಕೈಮುಗಿಯುತ್ತಿದ್ದ. ಯಂತ್ರಕ್ಕೆ ಲಂಚ ಕೊಡಲಾಗದು. ಇದು ಸಣ್ಣ ಲಾಭವಲ್ಲ, ನಾವದನ್ನು ಮನಸಾರೆ ಸ್ವಾಗತಿಸುತ್ತೇವೆ. ಆದರೆ ಯಂತ್ರಕ್ಕೆ ಕೈಮುಗಿಯಲೂ ಆಗದು. ಇಂದು ಇಷ್ಟು ಕ್ಯೂಸೆಕ್ ಎಂದು ಯಂತ್ರಕ್ಕೆ ಅಪ್ಪಣೆ ಕೊಡುವವರು ಮನುಷ್ಯರೇ ಅಲ್ಲವೇ? ಅವರು ಯಾರು, ಯಾವ ಲೆಕ್ಕದ ಮೇಲೆ ಕೊಟ್ಟರು ಎಂಬುದು ಹೊಲದ ಬದುವಿನಲ್ಲಿ ನಿಂತವನಿಗೆ ತಿಳಿಯಬೇಡವೇ? ಪ್ರತಿಯೊಂದು ವಿತರಣಾ ಕಾಲುವೆಯಲ್ಲಿ ಹರಿದ ನೀರಿನ ಅಂಕಿ ಕೊಠಡಿಯ ಪರದೆಯ ಮೇಲೆ ಮೂಡುತ್ತದೆ. ಅದೇ ಅಂಕಿ ದಿನವೂ ಗ್ರಾಮ ಪಂಚಾಯತಿನ ಫಲಕದ ಮೇಲೆ ಸೀಮೆಸುಣ್ಣದಲ್ಲಿ ಬರೆಯಲ್ಪಡಬೇಕೆಂದು ನೀರು ಬಳಕೆದಾರರ ಸಂಘಗಳು ಕೇಳಬೇಕು. ಕೋಟಿಗಟ್ಟಲೆ ಬೆಲೆಯ ತಂತ್ರಜ್ಞಾನದ ಕೊನೆಗೆ ಒಂದು ತುಂಡು ಸೀಮೆಸುಣ್ಣ. ಕೇಳಲು ವಿಚಿತ್ರವೆನಿಸಬಹುದು. ಆದರೆ ಆ ಅಂಕಿ ಯಾರ ಕಣ್ಣಿಗೆ ಬೀಳುತ್ತದೆಯೋ ಅವನಿಗೆ ಮುತ್ತಿಗೆ ಹಾಕುವ ಅಗತ್ಯ ಅರ್ಧ ಕಡಿಮೆಯಾಗುತ್ತದೆ.

ನೀರು ಬಂದು ಬೆಳೆ ಬಂತೆನ್ನಿ. ಬೆಲೆ ಯಾರ ಕೈಯಲ್ಲಿದೆ? ತೊಗರಿಯನ್ನು ತೆಗೆದುಕೊಳ್ಳಿ. 2015ರಲ್ಲಿ ತೊಗರಿಬೇಳೆಯ ಚಿಲ್ಲರೆ ದರ ಕಿಲೋಗೆ 200 ರೂಪಾಯಿ ಮುಟ್ಟಿತು. ಪೇಟೆಯ ಜನ ಗಲಾಟೆ ಮಾಡಿದರು. 2016ರ ಜುಲೈಯಲ್ಲಿ ಭಾರತ ಸರಕಾರ ಆಫ್ರಿಕಾದ ಮೊಜಾಂಬಿಕ್‌ನೊಂದಿಗೆ ತೊಗರಿ ಮತ್ತಿತರ ಬೇಳೆಕಾಳುಗಳಿಗಾಗಿ ಒಪ್ಪಂದ ಮಾಡಿಕೊಂಡಿತು. ಅದೇ ಹಂಗಾಮಿನಲ್ಲಿ ನಮ್ಮ ರೈತರೂ ಹೆಚ್ಚು ಬಿತ್ತಿದರು, ಹೆಚ್ಚು ಬೆಳೆದರು. ಬೆಲೆ 5,050 ರೂಪಾಯಿಯ ಬೆಂಬಲ ಬೆಲೆಗಿಂತಲೂ ಕೆಳಗೆ ಬಿತ್ತು. ಮೊಜಾಂಬಿಕ್‌ನ ರೈತನೂ ಬಡವನೇ, ಅವನ ಮೇಲೆ ನಮಗೆ ಸಿಟ್ಟಿಲ್ಲ. ಯಾದಗಿರಿಯ ಮಾರುಕಟ್ಟೆಯ ದರವನ್ನು ನಿರ್ಧರಿಸುವ ಮೇಜಿನ ಸುತ್ತ ಯಾದಗಿರಿಯವನಿಗೊಂದು ಕುರ್ಚಿ ಇರಲಿಲ್ಲ ಎಂಬುದಷ್ಟೇ ನಮ್ಮ ದೂರು.

ಇಷ್ಟನ್ನು ಕೇಳಿ, ಹಾಗಾದರೆ ಹಳೆಯದೇ ಚೆನ್ನಾಗಿತ್ತೇ ಎಂದು ನೀವು ಕೇಳಬಹುದು. ಖಂಡಿತ ಇಲ್ಲ. ಕುಲಕರ್ಣಿ, ಪಟವಾರಿಗಳ ದಫ್ತರಿನ ಕಾಲ ಹಿರಿಯರಿಗೆ ನೆನಪಿದೆ. ಒಂದು ಪಹಣಿಗಾಗಿ ಅವರ ಮನೆಯ ಕಟ್ಟೆಯ ಮೇಲೆ ಎಷ್ಟು ದಿನ ಕುಳಿತಿರಬೇಕಿತ್ತು! 'ಭೂಮಿ' ಯೋಜನೆಯಲ್ಲಿ ಕರ್ನಾಟಕದ 67 ಲಕ್ಷ ಭೂಮಾಲಕರ ಸುಮಾರು ಎರಡು ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಸೇರಿದವು. 15 ರೂಪಾಯಿಗೆ ಪಹಣಿ ಕೈಗೆ ಬಂತು. ಜಗತ್ತಿನ ನಾನಾ ಕಡೆಗಳಿಂದ ಜನ ಅದನ್ನು ನೋಡಲು ಬಂದರು. ಹಾಗೆಯೇ, ಸುರಪುರದಿಂದ ಬೆಂಗಳೂರಿಗೆ ದುಡಿಯಲು ಹೋದ ಕುಟುಂಬ ಅಲ್ಲಿಯೇ ತನ್ನ ಪಡಿತರವನ್ನು ಪಡೆಯಲು ಸಾಧ್ಯವಾಗಿರುವುದು ಇದೇ ಜಾಲದಿಂದ. ಹಿಂದೆ ಗುಳೆ ಹೋದವನ ಅಕ್ಕಿ ಇನ್ನಾರದೋ ಚೀಲ ಸೇರುತ್ತಿತ್ತು. ಇವೆಲ್ಲ ಜಾಲವೇ ಕೊಟ್ಟ ಉಪಕಾರಗಳು, ಅಲ್ಲಗಳೆಯುವುದು ಅಪ್ರಾಮಾಣಿಕತೆಯಾಗುತ್ತದೆ.

ಆದರೆ ಅದೇ 'ಭೂಮಿ'ಯ ಕುರಿತು 2007ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ ಬೇರೊಂದು ಮುಖವನ್ನು ತೋರಿಸಿತು. ಬೆಂಗಳೂರಿನ ಸುತ್ತ ಭೂದಾಖಲೆ ಒಂದೆಡೆ ಸೇರಿದ್ದರಿಂದ ದೊಡ್ಡ ಕುಳಗಳಿಗೆ ಭೂಮಿ ಹುಡುಕುವುದು ಸುಲಭವಾಯಿತು, ಲಂಚ ನಿಲ್ಲಲಿಲ್ಲ, ಮೇಲಕ್ಕೆ ಹೋಯಿತು ಎಂದು ಅದು ವಾದಿಸಿತು. ಇನ್ನೊಂದು ಸಮಸ್ಯೆ ನಿಮಗೂ ಗೊತ್ತು. ಗಣಕಯಂತ್ರದಲ್ಲಿ ಹೆಸರು ತಪ್ಪಾಗಿ ಸೇರಿದರೆ ಮನುಷ್ಯನೇ ತಪ್ಪಾಗುತ್ತಾನೆ. 'ಮಹಬೂಬಸಾಬ' ಪಹಣಿಯಲ್ಲಿ, 'ಮೆಹಬೂಬ್ ಸಾಬ್' ಆಧಾರದಲ್ಲಿ, 'ಮಹಿಬೂಬ' ಬ್ಯಾಂಕಿನಲ್ಲಿ. ಊರಿಗೆಲ್ಲ ಒಬ್ಬನೇ ಆಗಿರುವ ಮನುಷ್ಯ ಜಾಲದಲ್ಲಿ ಮೂವರು. 'ಶರಣಪ್ಪ', 'ಶರಣಬಸಪ್ಪ'ರ ಪಾಡೂ ಇದಕ್ಕಿಂತ ಬೇರೆಯಲ್ಲ.

ಮಸೀದಿ, ದರ್ಗಾ, ಖಬರಸ್ತಾನಗಳ ಮುತವಲ್ಲಿಗಳು 2025ರಲ್ಲಿ ಇದನ್ನು ಚೆನ್ನಾಗಿ ಅನುಭವಿಸಿದರು. ಹೊಸ ವಕ್ಫ್ ಕಾಯ್ದೆಯಂತೆ ಜೂನ್ 6ರಂದು 'ಉಮೀದ್' ಎಂಬ ಪೋರ್ಟಲ್ ಆರಂಭವಾಯಿತು. ಆಸ್ತಿಗಳ ವಿವರ ಸೇರಿಸಲು ಆರು ತಿಂಗಳ ಗಡುವು. ನಿಜಾಮರ ಕಾಲದ ಉರ್ದು ಮುಂತಖಬ್ ಪತ್ರಗಳನ್ನು ಓದಬಲ್ಲವರು ಊರಿಗೊಬ್ಬರೂ ಉಳಿದಿಲ್ಲ. ಕಾಯ್ದೆಯ ಗುಣದೋಷಗಳು ಇಂದಿನ ವಿಷಯವಲ್ಲ. ಆದರೆ ಆಸ್ತಿಯ ದಾಖಲೆಯನ್ನು ನೂರು ವರ್ಷ ಗೆದ್ದಲಿಗೆ ಬಿಟ್ಟು, ಗಡುವಿನ ಕೊನೆಯ ವಾರ ಸೈಬರ್ ಕೇಂದ್ರದ ಮುಂದೆ ಸಾಲು ನಿಲ್ಲುವ ನಮ್ಮ ಅಭ್ಯಾಸಕ್ಕೆ ಯಾರನ್ನು ದೂರುವುದು? ಕಾಗದ ಸರಿಯಿಲ್ಲದವನಿಗೆ ಹಳೆಯ ಆಡಳಿತದಲ್ಲಿ ತಡವಾಗುತ್ತಿತ್ತು. ಜಾಲದ ಆಡಳಿತದಲ್ಲಿ ಅವನು ಇಲ್ಲವೇ ಇಲ್ಲ.

ಉದ್ಯೋಗ ಖಾತರಿಯ ಕಥೆಯನ್ನೂ ನೆನಪಿಸಬೇಕು. 2006ರ ಫೆಬ್ರವರಿ 2ರಂದು ದೇಶದ 200 ಜಿಲ್ಲೆಗಳಲ್ಲಿ ಅದು ಜಾರಿಯಾದಾಗ ಅಂದಿನ ಗುಲ್ಬರ್ಗ ಜಿಲ್ಲೆಯೂ ಅದರಲ್ಲಿತ್ತು, ಹಾಗಾಗಿ ಈ ಮೂರು ತಾಲೂಕುಗಳೂ ಇದ್ದವು. ಆ ಕಾಯ್ದೆ ಗ್ರಾಮಸಭೆಗೆ ಸಾಮಾಜಿಕ ಲೆಕ್ಕಪರಿಶೋಧನೆಯ ಅಧಿಕಾರ ಕೊಟ್ಟಿತ್ತು. ಊರಿನವರು ಕುಳಿತು, ಯಾರು ಕೆಲಸ ಮಾಡಿದರು, ಯಾರು ಮಾಡಲಿಲ್ಲ ಎಂದು ಹೇಳುವುದು. 2023ರ ಜನವರಿಯಿಂದ ಊರಿನವರ ಮಾತಿಗಿಂತ ಮೊಬೈಲಿನಲ್ಲಿ ದಿನಕ್ಕೆರಡು ಬಾರಿ ತೆಗೆಯುವ ಫೋಟೋ ದೊಡ್ಡದಾಯಿತು. ನೆಟ್‌ವರ್ಕ್ ಸಿಗದ ಕೆರೆಯಂಗಳದಲ್ಲಿ ಎರಡನೆಯ ಫೋಟೋ ಏರದಿದ್ದರೆ ಅಂದಿನ ಬೆವರಿಗೆ ಲೆಕ್ಕವಿಲ್ಲ. ಆದರೆ ಫೋಟೋದ ಫೋಟೋ ತೆಗೆದು ಮೋಸ ಮಾಡುವವರನ್ನು ಆ ಯಂತ್ರ ಹಿಡಿಯಲಿಲ್ಲ. ನೆರೆಯವನ ಕಣ್ಣು ಹಿಡಿಯಬಹುದಿತ್ತು.

ಇನ್ನು ಮಾಡಬೇಕಾದದ್ದೇನು? ಯಂತ್ರವನ್ನು ಒಡೆಯಬೇಕಾಗಿಲ್ಲ. ಅದರ ಹಿಂದೆ ಒಬ್ಬ ಮನುಷ್ಯನನ್ನು ತಂದು ಕೂರಿಸಬೇಕು. ಅದಕ್ಕೆ ಬೇಕಾದ ಕಾನೂನುಗಳು ಬಹುಮಟ್ಟಿಗೆ ಇವೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ವೃದ್ಧಾಪ್ಯದಲ್ಲಿ, 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿನ ಮೆಟ್ಟಲೇರಿದರು. ಅವರ ಹೆಸರಿನ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳು ಸಾರಿದರು. 2018ರ ಸೆಪ್ಟೆಂಬರಿನ ತೀರ್ಪಿನಲ್ಲಿ ಸವಲತ್ತುಗಳಿಗೆ ಆಧಾರ್ ಬಳಸುವುದನ್ನು ಕೋರ್ಟು ಒಪ್ಪಿತು. ಆದರೆ ಬೆರಳಚ್ಚು ಹೊಂದಲಿಲ್ಲವೆಂಬ ಒಂದೇ ಕಾರಣಕ್ಕೆ ಯಾರನ್ನೂ ಹೊರಗಿಡಬಾರದು. ಆಧಾರ್ ಪ್ರಾಧಿಕಾರವೇ 2017ರ ಅಕ್ಟೋಬರಿನಲ್ಲಿ ಇದನ್ನು ಸುತ್ತೋಲೆಯಲ್ಲಿ ಹೇಳಿದೆ. ಅಂದರೆ, ಹೆಬ್ಬೆಟ್ಟು ಒಪ್ಪದಿದ್ದಾಗ ಆ ತಾಯಿಯನ್ನು ಬರಿಗೈಯಲ್ಲಿ ಕಳುಹಿಸುವುದು ತಾಂತ್ರಿಕ ತೊಂದರೆಯಲ್ಲ, ನಿಯಮದ ಉಲ್ಲಂಘನೆ. 2013ರ ಆಹಾರ ಭದ್ರತಾ ಕಾಯ್ದೆಯ 15ನೇ ಕಲಮಿನಲ್ಲಿ ಪ್ರತೀ ಜಿಲ್ಲೆಗೂ ಒಬ್ಬ ಕುಂದುಕೊರತೆ ನಿವಾರಣಾಧಿಕಾರಿಯನ್ನು ಹೇಳಲಾಗಿದೆ. ನಮ್ಮ ಜಿಲ್ಲೆಯಲ್ಲಿ ಆ ಅಧಿಕಾರಿ ಯಾರೆಂದು ಈ ಸಭೆಯಲ್ಲಿ ಎಷ್ಟು ಮಂದಿಗೆ ಗೊತ್ತು? ಕೈ ಎತ್ತಿ ನೋಡೋಣ.

ಇದೇ ಸ್ಥಿತಿ. ನಿಮ್ಮನ್ನು ನಾಚಿಸಲು ನಾವಿದನ್ನು ಕೇಳಲಿಲ್ಲ. ಇಲ್ಲಿಗೆ ಬರುವ ಮುನ್ನ ನಾವೇ ಕಾಯ್ದೆಯ ಪುಸ್ತಕವನ್ನು ಹುಡುಕಿ ಓದಬೇಕಾಯಿತು.

ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, 30 ದಿನಗಳಲ್ಲಿ ಉತ್ತರ. ಸಕಾಲ ಕಾಯ್ದೆ 2011ರದ್ದು, 2012ರ ಏಪ್ರಿಲ್ 2ರಿಂದ ರಾಜ್ಯದಲ್ಲೆಲ್ಲ ಜಾರಿಗೆ ಬಂದಿದೆ. ಅದರ ಪಟ್ಟಿಯಲ್ಲಿರುವ ಸೇವೆ ತಡವಾದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ ಪರಿಹಾರ. ಮೊತ್ತ ಸಣ್ಣದು. ಆದರೆ ಅದು ತಡಮಾಡಿದ ಅಧಿಕಾರಿಯಿಂದಲೇ ವಸೂಲಾಗಬೇಕು, ಅಂದರೆ ತಡಮಾಡಿದವರಿಗೊಂದು ಹೆಸರು ಇರಲೇಬೇಕಾಗುತ್ತದೆ. ಅದಕ್ಕಾಗಿಯಾದರೂ ಸ್ವೀಕೃತಿ ಚೀಟಿಯನ್ನು ಕೇಳಿ ಪಡೆಯಿರಿ, ಹರಿದು ಬಿಸಾಡಬೇಡಿ. "ಸರ್ವರ್ ಡೌನ್" ಎಂದವರಿಗೆ, ಅದನ್ನೇ ಒಂದು ಚೀಟಿಯಲ್ಲಿ ದಿನಾಂಕ ಹಾಕಿ ಬರೆದುಕೊಡಿ ಎಂದು ಕೇಳಿ. ಕೊಡಲಾರರು. ಆಗ ನೀವೇ ಬರೆದಿಡಿ. ಓದಿದ ಹುಡುಗ ಹುಡುಗಿಯರು ಊರಿಗೆ ಇಬ್ಬರಾದರೂ ಇದ್ದೀರಿ. ತಿಂಗಳಿಗೊಮ್ಮೆ ನ್ಯಾಯಬೆಲೆ ಅಂಗಡಿಯ ಬಳಿ ಒಂದು ನೋಟುಪುಸ್ತಕ ಹಿಡಿದು ಕುಳಿತುಕೊಳ್ಳಿ. ಯಾರ ಬೆರಳು ಒಪ್ಪಲಿಲ್ಲ, ಎಷ್ಟು ಬಾರಿ ಬಂದರು, ಎಷ್ಟು ಕೂಲಿ ಕಳಕೊಂಡರು ಎಂದು ಬರೆಯಿರಿ. ಅವರ ಜಾತಿ, ಧರ್ಮ ನೋಡಬೇಡಿ. ಯಂತ್ರವೂ ನೋಡಿಲ್ಲ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕೆಂದು ಪಂಚಾಯತ್ ಕಾಯ್ದೆ ಹೇಳುತ್ತದೆ. ಆ ಪುಸ್ತಕವನ್ನು ಅಲ್ಲಿ ಓದಿ, ನಡಾವಳಿಯಲ್ಲಿ ಸೇರಿಸಲು ಹೇಳಿ. ನಡಾವಳಿಯಲ್ಲಿ ಸೇರಿದ ಮಾತಿಗೆ ಯಾರಾದರೊಬ್ಬರು ಉತ್ತರ ಬರೆಯಲೇಬೇಕಾಗುತ್ತದೆ.

ನಮ್ಮ ಮಾತು ದೀರ್ಘವಾಯಿತು. ಬಾಗಿಲ ಬಳಿಯ ಮೇಜಿನ ಮೇಲೆ ಮಾಹಿತಿ ಹಕ್ಕಿನ ಅರ್ಜಿ ನಮೂನೆಗಳಿವೆ. ಮೂರು ಅರ್ಜಿಗಳನ್ನು ಇಂದೇ ಬರೆಯೋಣ. ಜಿಲ್ಲಾ ಕುಂದುಕೊರತೆ ನಿವಾರಣಾಧಿಕಾರಿ ಯಾರು ಎಂಬುದು ಒಂದು. ಕಳೆದ ವರ್ಷ ಬೆರಳಚ್ಚು ಹೊಂದದೆ ಪಡಿತರ ಸಿಗದವರ ಸಂಖ್ಯೆ ತಾಲೂಕುವಾರು ಎಷ್ಟು ಎಂಬುದು ಇನ್ನೊಂದು. ಶಹಾಪುರ ಶಾಖಾ ಕಾಲುವೆಯ ಕೊನೆಯ ಗೇಟಿನಲ್ಲಿ ಕಳೆದ ಹಂಗಾಮಿನಲ್ಲಿ ದಿನವಹಿ ಹರಿದ ನೀರೆಷ್ಟು ಎಂಬುದು ಮತ್ತೊಂದು. ಬರೆಯಲು ಬಾರದವರು ಹೇಳಿ, ಪಕ್ಕದಲ್ಲಿರುವವರು ಬರೆದುಕೊಡುತ್ತಾರೆ. ಕೆಳಗೆ ಹೆಬ್ಬೆಟ್ಟು ಒತ್ತಿದರೂ ಸಾಕು. ಆ ಕಾಗದ ಅದನ್ನು ಒಪ್ಪುತ್ತದೆ.